ಕೊಟ್ಟ ನಾಣ್ಯ, ಉಳಿದ ಕೊರಗು

ಹಳೆಯ ನಾಣ್ಯಗಳನ್ನು ಕೂಡಿಡುವವರು ನಾಲ್ವರು ಒಂದೆಡೆ ಕಲೆತರೆ ಮೊದಲು ನಡೆಯುವುದು ತಮ್ಮ ತಮ್ಮ ಪೆಟ್ಟಿಗೆಯಲ್ಲಿ ಇರುವುದರ ಬಣ್ಣನೆ. ಮಾತು ಬೆಳೆದು ಎರಡನೆಯ ಸಲ ಕಾಫಿ ಬರುವ ಹೊತ್ತಿಗೆ, ಪೆಟ್ಟಿಗೆಯಲ್ಲಿ ಇಲ್ಲದಿರುವುದರ ಕಥೆ ತಾನಾಗಿ ಮೊದಲಾಗುತ್ತದೆ. ಮಗಳ ಮದುವೆಯ ಖರ್ಚಿಗೆಂದು ವಿಜಯನಗರದ ವರಹವೊಂದನ್ನು ಕೊಟ್ಟುಬಿಟ್ಟವರು ಒಬ್ಬರು. ಒಂದೇ ಬಗೆಯವು ಎರಡಿವೆಯೆಂದು ಒಂದನ್ನು ಮಾರಿ, ಮಾರಿದ್ದೇ ಅಪರೂಪದ್ದೆಂದು ಆಮೇಲೆ ತಿಳಿದವರು ಇನ್ನೊಬ್ಬರು. ಮೂರನೆಯವರು ಏನನ್ನೂ ಹೇಳದೆ ಲೋಟದ ತಳವನ್ನು ನೋಡುತ್ತ ಕೂರುತ್ತಾರೆ. ಗಳಿಸಿದುದರ ಹೆಮ್ಮೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ; ಕೊಟ್ಟುದರ ಕೊರಗು ಮಾತ್ರ ರಾತ್ರಿ ಬಸ್ಸು ಹತ್ತುವವರೆಗೂ ಮುಗಿಯದು.

ಈ ಕೊರಗನ್ನು ಹುಡುಗಾಟವೆಂದು ನಗುವವರುಂಟು. ಲೋಹದ ಚೂರಿಗಾಗಿ ಇಷ್ಟು ಪರಿತಾಪವೆ ಎಂದು ಕೇಳುವವರೂ ಉಂಟು. ನಾನೂ ಹಿಂದೊಮ್ಮೆ ನಕ್ಕವನೇ. ಆದರೆ ಕೊರಗಿನ ಬುಡವನ್ನು ಶೋಧಿಸುತ್ತ ಹೋದರೆ ಅಲ್ಲಿ ಚರಿತ್ರೆಗೆ ಸಂಬಂಧಿಸಿದ ಒಂದು ಮುಖ್ಯ ವಿಚಾರ ಸಿಗುತ್ತದೆ. ನಾಣ್ಯವನ್ನು ಕೊಟ್ಟಾಗ ನಾವು ನಿಜವಾಗಿ ಕಳೆದುಕೊಳ್ಳುವುದು ಏನನ್ನು? ಅದರ ಬೆಲೆಯನ್ನೆ? ಅಂದವನ್ನೆ? ಅಥವಾ ಬೇರೆ ಇನ್ನೇನನ್ನಾದರೂ? ಈ ಪ್ರಶ್ನೆಯನ್ನು ಇಂದು ಒಂದು ಊರಿನ, ಒಂದು ರೂಪಾಯಿಯ ನೆವದಲ್ಲಿ ವಿಚಾರಿಸಬೇಕೆಂದು ನನ್ನ ಆಸೆ.

ಊರು ವಿದುರಾಶ್ವತ್ಥ. ಗೌರಿಬಿದನೂರಿಗೆ ಸಮೀಪದಲ್ಲಿ, ಉತ್ತರ ಪಿನಾಕಿನಿಯ ದಡದಲ್ಲಿ, ಆಂಧ್ರದ ಗಡಿಯ ಮಗ್ಗುಲಿಗೇ ಇರುವ ಈ ಕ್ಷೇತ್ರ ಹಿಂದೆ ಕೋಲಾರ ಜಿಲ್ಲೆಗೆ ಸೇರಿತ್ತು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾದಾಗ ಅದರ ಪಾಲಿಗೆ ಬಂತು. ಮಹಾಭಾರತದ ವಿದುರ ನೆಟ್ಟದ್ದೆಂದು ಜನ ನಂಬಿದ ಅಶ್ವತ್ಥವೃಕ್ಷದಿಂದ ಊರಿಗೆ ಈ ಹೆಸರು. ಆ ಹಿರಿಯ ಮರ 2001ರಲ್ಲಿ ನೆಲಕ್ಕುರುಳಿತು. ಮರವಿದ್ದ ಕಟ್ಟೆಯ ಸುತ್ತ, ಅಶ್ವತ್ಥನಾರಾಯಣಸ್ವಾಮಿಯ ಗುಡಿಯ ಸುತ್ತ, ಸಾಲುಸಾಲಾಗಿ ನಾಗರಕಲ್ಲುಗಳು ನಿಂತಿವೆ. ಒಂದಲ್ಲ, ನೂರಲ್ಲ, ಸಾವಿರಾರು. ಸಂತಾನಕ್ಕಾಗಿ, ಕಾಯಿಲೆ ವಾಸಿಯಾದುದಕ್ಕಾಗಿ ಹರಕೆ ಹೊತ್ತು ಬಂದವರು ಪ್ರತಿಷ್ಠೆ ಮಾಡಿಸಿದ ಕಲ್ಲುಗಳು ಇವು. ಬಹುಪಾಲು ಕಲ್ಲುಗಳನ್ನು ಯಾರು ನಿಲ್ಲಿಸಿದರೆಂಬುದು ಇಂದು ನೋಡುವವನಿಗೆ ತಿಳಿಯುವಂತಿಲ್ಲ. ಎಲ್ಲವೂ ಹೆಡೆಯೆತ್ತಿದ ಹಾವುಗಳೇ. ಆದರೆ ಪ್ರತಿಯೊಂದರ ಹಿಂದೆಯೂ ಒಂದು ಮನೆ, ಒಂದು ಕಣ್ಣೀರು, ಒಂದು ಹಾರೈಕೆ ಇತ್ತು. ಈ ಮಾತನ್ನು ತಾವು ನೆನಪಿನಲ್ಲಿಡಬೇಕು. ಮುಂದೆ ಇದಕ್ಕೆ ಹಿಂತಿರುಗುತ್ತೇನೆ.

ವಿದುರಾಶ್ವತ್ಥ ಕೇವಲ ಯಾತ್ರಾಸ್ಥಳವಲ್ಲ. 1938ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನವರು ಸರ್ಕಾರದ ನಿಷೇಧವನ್ನು ಮೀರಿ ಧ್ವಜವೇರಿಸಿದರು. ಆ ಅಲೆ ಸಂಸ್ಥಾನದ ಊರೂರಿಗೂ ಹಬ್ಬಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬ ವಿಷಯದಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಹೊಂದಿಕೆಯಾಗಲಿಲ್ಲ. ಮೂವತ್ತಕ್ಕೂ ಮೇಲೆಂದು ಜನ ಇಂದಿಗೂ ಹೇಳುತ್ತಾರೆ. ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂಬ ದುಃಖದ ಬಿರುದು ಈ ಊರಿಗೆ ಬಂದುದು ಹೀಗೆ. ಗಾಂಧೀಜಿಯವರು ವಲ್ಲಭಭಾಯಿ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಕಳುಹಿಸಿದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ಲರೊಡನೆ ಮಾತುಕತೆ ನಡೆದು, ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ಸಿನ ಧ್ವಜವನ್ನೂ ಹಾರಿಸಬಹುದೆಂಬ ಒಪ್ಪಂದವಾಯಿತು. ಇಷ್ಟು ಚರಿತ್ರೆಯ ಪುಸ್ತಕಗಳಲ್ಲಿದೆ.

ಪುಸ್ತಕದಲ್ಲಿ ಇಲ್ಲದ ಒಂದು ಸಣ್ಣ ಸಂಗತಿ ನಮ್ಮ ಮನೆಯಲ್ಲಿತ್ತು. ಅಂದು ಆ ಜನರ ನಡುವೆ ನನ್ನ ತಾತನೂ ಇದ್ದರು. ಅವರು ಮುಂದಾಳಲ್ಲ, ಸೆರೆಮನೆ ಕಂಡವರಲ್ಲ. ಬಾವುಟವನ್ನು ನೋಡಲು ಹೋದ ಒಬ್ಬ ಒಕ್ಕಲು. ಬರುವಾಗ ಹಗ್ಗವನ್ನೂ ಬೆಲ್ಲವನ್ನೂ ತರಬೇಕೆಂದು ಅಜ್ಜಿ ಒಂದು ರೂಪಾಯಿ ಕೊಟ್ಟಿದ್ದರಂತೆ. ಸೊಂಟದ ಸಂಚಿಯಲ್ಲಿ ಅದು ಹೋಯಿತು. ಸಂಜೆ ಹಗ್ಗ ಬರಲಿಲ್ಲ, ಬೆಲ್ಲ ಬರಲಿಲ್ಲ. ತಾತ ಬಂದರು, ಸಂಚಿಯಲ್ಲಿ ರೂಪಾಯಿ ಹಾಗೆಯೇ ಇತ್ತು. ಕಂಡುದನ್ನು ಕುರಿತು ಅವರು ಮನೆಯಲ್ಲಿ ಹೆಚ್ಚು ಮಾತನಾಡಲಿಲ್ಲ. ಅಜ್ಜಿ ಆ ರೂಪಾಯಿಯನ್ನು ಮತ್ತೆ ಖರ್ಚಿಗೆ ಕೊಡಲಿಲ್ಲ. ಅರಿಶಿನದ ಬಟ್ಟೆಯಲ್ಲಿ ಗಂಟುಕಟ್ಟಿ ದೇವರ ಗೂಡಿನಲ್ಲಿಟ್ಟರು. ಹಬ್ಬದ ದಿನ ಅದಕ್ಕೊಂದು ಬೊಟ್ಟು ಬೀಳುತ್ತಿತ್ತು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ರಾಜನ ಮುಖದ ಮೇಲೆ ಅರಿಶಿನ ಕುಂಕುಮಗಳ ಕರಿಗೆಂಪು ಹೆಪ್ಪು ಗಟ್ಟಿಯಾಗಿ ಕುಳಿತಿತ್ತು.

ಅದು 1918ರ ರೂಪಾಯಿ. ಒಂದು ಮಗ್ಗುಲಲ್ಲಿ ಕಿರೀಟ ಧರಿಸಿದ ಐದನೆಯ ಜಾರ್ಜ್ ದೊರೆ; ಇನ್ನೊಂದು ಮಗ್ಗುಲಲ್ಲಿ ಹೂಬಳ್ಳಿಯ ನಡುವೆ ಇಂಗ್ಲಿಷಿನಲ್ಲೂ ಪಾರಸಿ ಲಿಪಿಯಲ್ಲೂ ಬರೆದ ಬೆಲೆ. ತೂಕ ಒಂದು ತೊಲ, ಎಂದರೆ 11.66 ಗ್ರಾಂ, ನೂರಕ್ಕೆ ಸುಮಾರು 92 ಪಾಲು ಶುದ್ಧ ಬೆಳ್ಳಿ. 1922ರಿಂದ ಮುಂದೆ ಹಲವು ವರ್ಷ ಬಳಕೆಗಾಗಿ ಹೊಸ ರೂಪಾಯಿ ನಾಣ್ಯಗಳು ಹೊರಬರಲಿಲ್ಲವಾದ್ದರಿಂದ, 1938ರಲ್ಲಿ ನಮ್ಮ ಜನರ ಕೈಯಲ್ಲಿ ಓಡಾಡುತ್ತಿದ್ದುದು ಹೆಚ್ಚಾಗಿ ಇಂತಹ ಹಳೆಯ ರೂಪಾಯಿಗಳೇ. ಒಂದು ವಿಚಿತ್ರವನ್ನು ಗಮನಿಸಿರಿ. ಕಣ್ಣೆದುರಿಗೆ ಸ್ವರಾಜ್ಯದ ಬಾವುಟ, ಸೊಂಟದಲ್ಲಿ ಚಕ್ರವರ್ತಿಯ ತಲೆ. ಅಂದಿನ ದೇಶದ ಸ್ಥಿತಿಯೇ ಅದು.

ಹಾಗಾದರೆ ಮೈಸೂರು ಸೀಮೆಗೆ ತನ್ನದೇ ಆದ ನಾಣ್ಯವಿರಲಿಲ್ಲವೆ ಎಂದು ಕೇಳಬಹುದು. ಇತ್ತು, ಹೇರಳವಾಗಿ ಇತ್ತು. ಗದ್ಯಾಣ, ಪಣ, ಹಾಗ, ವೀಸ ಎಂಬ ಹೆಸರುಗಳು ನಮ್ಮ ಶಾಸನಗಳ ತುಂಬ ಇವೆ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ನರಸಿಂಹಮೂರ್ತಿಯುಳ್ಳ ಚಿನ್ನದ ಹಣವನ್ನು ಅಚ್ಚು ಹಾಕಿಸಿದರು. ಅರ್ಧ ಗ್ರಾಂ ಕೂಡ ತೂಗದ, ಬೇಳೆಯಷ್ಟಗಲದ ಈ ಕಂಠೀರಾಯಿ ಹಣ ದೊರೆ ಹೋದಮೇಲೂ ತಲೆಮಾರುಗಳವರೆಗೆ ಸೀಮೆಯ ಲೆಕ್ಕದ ಅಳತೆಗೋಲಾಗಿತ್ತು. ಹತ್ತು ಹಣಕ್ಕೆ ಒಂದು ಕಂಠೀರಾಯಿ ವರಹ ಎಂದು ಲೆಕ್ಕ ಬರೆಯುತ್ತಿದ್ದರು. ಆ ವರಹವಾದರೋ ಲೆಕ್ಕದ ಪುಸ್ತಕದಲ್ಲಿದ್ದಿತೇ ಹೊರತು ಟಂಕಸಾಲೆಯಿಂದ ಹೊರಬಂದುದಲ್ಲ. ಅನಂತರ ಟಿಪ್ಪು ಸುಲ್ತಾನನ ಕಾಲದಲ್ಲಿ ಪಟ್ಟಣ, ನಗರ, ಗುತ್ತಿ, ಬೆಂಗಳೂರು ಮೊದಲಾದೆಡೆಗಳಲ್ಲಿ ನಾಣ್ಯಗಳು ಹೊರಬಂದವು. ಎರಡು ರೂಪಾಯಿಯ ಬೆಳ್ಳಿಯ ಹೈದರಿ, ಚಿನ್ನದ ಅಹ್ಮದಿ, ಶುಕ್ರಗ್ರಹದ ಹೆಸರುಳ್ಳ ತಾಮ್ರದ ಜೊಹರಾ, ಆನೆಯ ಚಿತ್ರದ ಕಾಸುಗಳು ಇಂದಿಗೂ ನೋಡುವವರ ಕಣ್ಣು ಹಿಡಿಯುತ್ತವೆ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನ ಮೇಲೆ ಕನ್ನಡ ಅಕ್ಷರಗಳೇ ಇದ್ದವು. 1833ರಲ್ಲಿ ಟಂಕಸಾಲೆ ಮೈಸೂರಿನಿಂದ ಬೆಂಗಳೂರಿಗೆ ಬಂತು. 1843ರಲ್ಲಿ ಅದು ಮುಚ್ಚಿತು. ಅಲ್ಲಿಂದ ಮುಂದೆ ನಮ್ಮ ರೈತನ ಸಂಚಿಯಲ್ಲಿದ್ದ ರೂಪಾಯಿ ಕನ್ನಡವನ್ನರಿಯದ ರೂಪಾಯಿಯಾಯಿತು.

ಇಷ್ಟೊಂದು ನಾಣ್ಯಗಳು ಎಲ್ಲಿ ಹೋದವು? ಇದಕ್ಕೆ ಉತ್ತರ ಒಂದೇ ಮಾತಿನಲ್ಲಿದೆ: ಕುಲುಮೆಗೆ. ನಾಣ್ಯದ ಬಹು ದೊಡ್ಡ ಶತ್ರು ಕಳ್ಳನಲ್ಲ, ಅಗ್ಗಿಷ್ಟಿಕೆ. ಮನೆಯಲ್ಲಿ ಮಗು ಹುಟ್ಟಿದರೆ ಅಜ್ಜಿಯ ವರಹ ಕರಗಿ ಮೊಮ್ಮಗುವಿನ ಉಂಗುರವಾಗುತ್ತದೆ. ಬರಗಾಲ ಬಂದರೆ ಉಂಗುರ ಕರಗಿ ರಾಗಿಯಾಗುತ್ತದೆ. ಇದರಲ್ಲಿ ತಪ್ಪು ಹುಡುಕುವುದು ಹೊಟ್ಟೆ ತುಂಬಿದವರ ಮಾತು. ಸರ್ಕಾರಗಳೂ ಇದಕ್ಕೆ ನೆರವಾದವು. ಎರಡನೆಯ ಮಹಾಯುದ್ಧದಲ್ಲಿ ಬೆಳ್ಳಿಗೆ ಅಭಾವ ತಲೆದೋರಿ, 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಒಂದು ರೂಪಾಯಿಯ ಕಾಗದದ ನೋಟನ್ನೂ ಹೊರಡಿಸಿದರು. ವಿಕ್ಟೋರಿಯಾ ರಾಣಿಯ, ಏಳನೆಯ ಎಡ್ವರ್ಡರ, ಜಾರ್ಜರ ಹಳೆಯ ಗಟ್ಟಿ ಬೆಳ್ಳಿಯ ರೂಪಾಯಿಗಳನ್ನು ಮುಂದಿನ ಕೆಲವೇ ವರ್ಷಗಳಲ್ಲಿ ಒಂದರ ಹಿಂದೊಂದಾಗಿ ಚಲಾವಣೆಯಿಂದ ಹಿಂತೆಗೆದುಕೊಂಡರು. 1963ರಲ್ಲಿ ಚಿನ್ನದ ನಿಯಂತ್ರಣ ಬಂತು. 1980ರ ಜನವರಿಯಲ್ಲಿ ಅಮೆರಿಕದ ಕೆಲವು ಧನಿಕರ ಸಟ್ಟಾ ವ್ಯಾಪಾರದಿಂದಾಗಿ ಲೋಕದ ಪೇಟೆಯಲ್ಲಿ ಬೆಳ್ಳಿ ಔನ್ಸಿಗೆ ಐವತ್ತು ಡಾಲರಿನ ಹತ್ತಿರಕ್ಕೆ ಏರಿ, ಎರಡೇ ತಿಂಗಳಲ್ಲಿ ಕುಸಿಯಿತು. ಆ ದಿನಗಳಲ್ಲಿ ನಮ್ಮ ಕಡೆಯ ಅಂಗಡಿಗಳಲ್ಲೂ ರಾಣಿಛಾಪಿನ ರೂಪಾಯಿಗಳು ಇಸವಿ ನೋಡುವವರಿಲ್ಲದೆ ತಕ್ಕಡಿಗೆ ಬಿದ್ದುದನ್ನು ನಾನೇ ಕಂಡಿದ್ದೇನೆ.

ಇಸವಿ ನೋಡದೆ ಮಾರಿದವರ ಕೊರಗು ಮೊದಲನೆಯ ಬಗೆಯದು. ಅದು ಬೆಲೆಯ ಕೊರಗು. ಇದಕ್ಕೆ ಒಳ್ಳೆಯ ನಿದರ್ಶನ 1939ರ ರೂಪಾಯಿ. ಆರನೆಯ ಜಾರ್ಜರ ಹೆಸರಿನಲ್ಲಿ ಗಟ್ಟಿ ಬೆಳ್ಳಿಯ ರೂಪಾಯಿಗಳು ಬಂದುದು 1938 ಮತ್ತು 1939 ಎಂಬ ಎರಡೇ ಇಸವಿಗಳಲ್ಲಿ, ಮುಂಬಯಿಯ ಟಂಕಸಾಲೆಯಿಂದ. 1938ರದು ಸಾಕಷ್ಟು ಸಿಗುತ್ತದೆ. 1939ರದು ಜನರ ಕೈಗೆ ಬಂದುದೇ ಕಡಿಮೆ, ಬಂದುದರಲ್ಲಿ ಉಳಿದುದು ಇನ್ನೂ ಕಡಿಮೆ. ಹೀಗಾಗಿ ಒಂದೇ ಅಚ್ಚು, ಒಂದೇ ತೂಕ, ಒಂದೇ ಬೆಳ್ಳಿಯ ಎರಡು ರೂಪಾಯಿಗಳಲ್ಲಿ ಒಂದು ಬೆಳ್ಳಿಯ ಬೆಲೆಗೂ ಇನ್ನೊಂದು ಅದರ ಹತ್ತಾರು ಪಟ್ಟಿಗೂ ಹೋಗುತ್ತದೆ. 1938ರ ಕೊನೆಯ ಅಂಕೆಯನ್ನು ಕೆತ್ತಿ ಒಂಬತ್ತು ಮಾಡಿ ಮೋಸಮಾಡುವವರೂ ಇದ್ದಾರೆ. ಪೇಟೆಯ ಕಣ್ಣಿಗೆ 1938 ಹಗುರವಾದ ಇಸವಿ. ವಿದುರಾಶ್ವತ್ಥದ ಜನರಿಗೆ ಹಾಗಲ್ಲ.

ಬೆಲೆಯ ಕೊರಗಿನ ಮಗ್ಗುಲಲ್ಲೇ ಅಜ್ಞಾನದ ಕೊರಗೂ ಇದೆ. ಟಿಪ್ಪುವಿನ ನಾಣ್ಯಗಳಲ್ಲಿ ಮೌಲೂದಿ ಎಂಬ ಶಕೆಯ ವರ್ಷಗಳಿವೆ. ಅದರ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು. 1215 ಎಂಬುದು ಎಡದಿಂದ ಓದುವವನಿಗೆ 5121 ಎಂದು ಕಾಣುತ್ತದೆ. ಇಂತಹ ವರ್ಷವೇ ಇಲ್ಲವೆಂದು, ಇದು ಯಾರೋ ಮಾಡಿದ ಆಟದ ಬಿಲ್ಲೆಯೆಂದು ತಿಳಿದು ಒಳ್ಳೆಯ ನಾಣ್ಯವನ್ನು ಪಾತ್ರೆಯವನಿಗೆ ಹಾಕುವ ಅಪಾಯ ಹೊಸಬನಿಗೆ ಯಾವಾಗಲೂ ಇದ್ದೇ ಇದೆ. ಕಲಿತಮೇಲೆ ಕಣ್ಣು ತೆರೆಯುತ್ತದೆ. ಆಗ ಕೈ ಬರಿದಾಗಿರುತ್ತದೆ. ಆದರೂ ಈ ಎರಡು ಕೊರಗುಗಳಿಗೂ ಮದ್ದುಂಟು. ದುಡ್ಡು ಕೂಡಿದರೆ ಇನ್ನೊಂದು 1939ರ ರೂಪಾಯಿಯನ್ನು ಕೊಳ್ಳಬಹುದು. ತಾಳ್ಮೆಯಿದ್ದರೆ ಇನ್ನೊಂದು ಜೊಹರಾ ಸಿಕ್ಕೀತು. ನಾಣ್ಯವೆಂದರೆ ಅಚ್ಚಿನಿಂದ ಬಂದ ಪದಾರ್ಥ. ಅದಕ್ಕೆ ಅವಳಿಜವಳಿಗಳು ಇರುತ್ತವೆ.

ಎರಡನೆಯ ಬಗೆಯ ಕೊರಗಿಗೆ ಅಂತಹ ಮದ್ದಿಲ್ಲ. ಅದು ನೆಲದ ಕೊರಗು. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ 163 ರೋಮನ್ ಬೆಳ್ಳಿಯ ನಾಣ್ಯಗಳು ಸಿಕ್ಕಿದವು. 1965ರಲ್ಲಿ ಅದೇ ನಗರದ ವಿಮಾನ ಕಾರ್ಖಾನೆಯ ಪ್ರದೇಶದಲ್ಲಿ 256 ದೊರೆತವು. ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಇಂತಹ ನಾಣ್ಯಗಳು ಯೂರೋಪಿನ ಅಂಗಡಿಗಳಲ್ಲಿ ದುಡ್ಡು ಕೊಟ್ಟರೆ ಇಂದಿಗೂ ಸಿಗುತ್ತವೆ. ಆದರೆ ಅಲ್ಲಿ ಕೊಂಡ ನಾಣ್ಯ ಬೆಂಗಳೂರಿನ ವಿಷಯವಾಗಿ ಒಂದಕ್ಷರವನ್ನೂ ಹೇಳದು. ಎರಡು ಸಾವಿರ ವರ್ಷಗಳ ಹಿಂದೆ ನಮ್ಮ ಈ ಮೇಲುಸೀಮೆಯ ದಾರಿಗಳಲ್ಲಿ ರೋಮಿನ ಬೆಳ್ಳಿ ಓಡಾಡಿತ್ತು ಎಂದು ಸಾರಿದ್ದು ನಾಣ್ಯದ ಮುಖವಲ್ಲ. ಅದು ಸಿಕ್ಕ ಮಣ್ಣು, ಅದು ಗುಂಪಾಗಿ ಇದ್ದ ಬಗೆ.

ಇದನ್ನು ಇನ್ನೂ ಸ್ಪಷ್ಟವಾಗಿ ತೋರಿಸಿದ್ದು ಚಿತ್ರದುರ್ಗದ ಚಂದ್ರವಳ್ಳಿ. ಮೈಸೂರು ಪುರಾತತ್ತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು 1929ರಲ್ಲಿ ಅಲ್ಲಿ ಉತ್ಖನನ ನಡೆಸಿದರು; 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆಸಿದರು. ರೋಮನ್ ನಾಣ್ಯ, ಶಾತವಾಹನರ ಕಾಲದ ಸೀಸದ ನಾಣ್ಯ, ಮಡಕೆಯ ಚೂರು ಇವೆಲ್ಲ ಒಂದೇ ಕಣಿವೆಯ ಮಣ್ಣಿನಲ್ಲಿ ಸಿಕ್ಕವು. ರೋಮಿನ ದೊರೆಗಳ ಕಾಲ ನಮಗೆ ಖಚಿತವಾಗಿ ಗೊತ್ತು. ಅದರ ಆಧಾರದಿಂದ ಜೊತೆಯಲ್ಲಿದ್ದ ನಮ್ಮ ಮಡಕೆಗಳಿಗೂ ಸೀಸದ ಕಾಸುಗಳಿಗೂ ಕಾಲನಿರ್ಣಯ ಮಾಡಲು ದಾರಿಯಾಯಿತು. ಆ ಸೀಸದ ಕಾಸನ್ನು ಯಾರೋ ಮೊದಲೇ ಆಯ್ದು, ತೊಳೆದು, ಊರೂರು ದಾಟಿಸಿ ಮಾರಿದ್ದರೆ ಅದು ಕೇವಲ ಒಂದು ಸೀಸದ ಬಿಲ್ಲೆಯಾಗಿ ಉಳಿಯುತ್ತಿತ್ತು. ಮಾತು ಬಲ್ಲ ಸಾಕ್ಷಿಯ ನಾಲಗೆ ಕಿತ್ತಂತೆ ಆಗುತ್ತಿತ್ತು. ನೆಲದಲ್ಲಿ ಸಿಕ್ಕ ನಿಧಿಯನ್ನು ಅಧಿಕಾರಿಗಳಿಗೆ ತಿಳಿಸಬೇಕೆಂಬ 1878ರ ಕಾಯಿದೆಯೂ, ನೂರು ವರ್ಷ ದಾಟಿದ ನಾಣ್ಯಗಳನ್ನು ಅನುಮತಿಯಿಲ್ಲದೆ ದೇಶದಾಚೆಗೆ ಸಾಗಿಸಬಾರದೆಂಬ 1972ರ ಪುರಾವಸ್ತು ಕಾಯಿದೆಯೂ ಈ ನಾಲಗೆಯನ್ನು ಕಾಪಾಡುವ ಪ್ರಯತ್ನಗಳೇ. ಕಾಯಿದೆಯ ಭಯಕ್ಕೆ ಕುಲುಮೆಗೆ ಹೋದ ನಿಧಿಗಳೂ ಇರಬಹುದೆಂಬುದು ಬೇರೆಯ ಮಾತು.

ಮಾರಿದ ಮಾತ್ರಕ್ಕೆ ಎಲ್ಲವೂ ನಷ್ಟವಾಗುವುದಿಲ್ಲ ಎಂಬುದನ್ನೂ ಇಲ್ಲಿ ಹೇಳದಿದ್ದರೆ ನ್ಯಾಯವಾಗದು. 1799ರ ಅನಂತರ ಮೈಸೂರು ಸೀಮೆಯನ್ನು ಅಳೆದ ಕರ್ನಲ್ ಕಾಲಿನ್ ಮೆಕೆಂಜಿ ಕೈಫಿಯತ್ತು, ಶಾಸನಪಾಠಗಳೊಡನೆ ಸಾವಿರಾರು ನಾಣ್ಯಗಳನ್ನೂ ಕೂಡಿಹಾಕಿದ್ದನು. 1821ರಲ್ಲಿ ಅವನು ತೀರಿಕೊಂಡಮೇಲೆ ಅವನ ಸಂಗ್ರಹವನ್ನು ಪತ್ನಿಯಿಂದ ಕಂಪನಿ ಸರ್ಕಾರ ಒಂದು ಲಕ್ಷ ರೂಪಾಯಿಗೆ ಕೊಂಡಿತು. 1828ರಲ್ಲಿ ವಿಲ್ಸನ್ ಎಂಬ ವಿದ್ವಾಂಸ ಅದರ ವಿವರವಾದ ಪಟ್ಟಿಯನ್ನು ಅಚ್ಚುಹಾಕಿಸಿದನು. ಧಾರವಾಡದ ಸೀಮೆಯಲ್ಲಿ ಅಧಿಕಾರಿಯಾಗಿದ್ದ ಸರ್ ವಾಲ್ಟರ್ ಎಲಿಯಟ್ ನಮ್ಮ ಶಾಸನಗಳನ್ನೂ ನಾಣ್ಯಗಳನ್ನೂ ಸಂಗ್ರಹಿಸಿ, ಮುಪ್ಪಿನಲ್ಲಿ ಕಣ್ಣು ಹೋದಮೇಲೂ ಬಿಡದೆ ದಕ್ಷಿಣ ಭಾರತದ ನಾಣ್ಯಗಳ ಮೇಲೆ ಗ್ರಂಥವನ್ನು ರಚಿಸಿದನು. ಅವನ ನಾಣ್ಯಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅವು ಇಲ್ಲಿಲ್ಲವಲ್ಲ ಎಂಬ ನೋವು ನಮಗೆ ಇದ್ದೇ ಇದೆ. ಆದರೂ ಬರೆದಿಟ್ಟ ಮಾತು ಉಳಿದಿದೆ. ನಮ್ಮವರೇ ಆದ ಡಾ. ಎ. ವಿ. ನರಸಿಂಹಮೂರ್ತಿಯವರು 1975ರಲ್ಲಿ ಕರ್ನಾಟಕದ ನಾಣ್ಯಗಳನ್ನು ಕುರಿತ ಗ್ರಂಥವನ್ನು ಹೊರತರುವ ವೇಳೆಗೆ ಇಂತಹ ಬರಹಗಳ ಒಂದು ಪರಂಪರೆಯೇ ಹಿಂದೆ ನಿಂತಿತ್ತು. ಕೈ ಬದಲಾದುದರಿಂದ ನಾಣ್ಯ ಮೂಕವಾಗುವುದಿಲ್ಲ. ಬರೆಯದೆ ಕೈ ಬದಲಾದುದರಿಂದ ಮೂಕವಾಗುತ್ತದೆ.

ಇನ್ನು ಮೂರನೆಯ ಕೊರಗು. ಇದನ್ನು ಹೇಳಲು ನನಗೆ ಸ್ವಲ್ಪ ಸಂಕೋಚ. ಆದರೆ ಇಷ್ಟು ದೂರ ತಮ್ಮನ್ನು ಕರೆತಂದ ಮೇಲೆ ಮುಚ್ಚಿಡುವುದು ಸರಿಯಲ್ಲ.

ಅಜ್ಜಿ ತೀರಿಕೊಂಡಮೇಲೆ ಅರಿಶಿನದ ಗಂಟು ನನಗೆ ಬಂತು. ಮನೆಯಲ್ಲಿ ನಾಣ್ಯದ ಹುಚ್ಚಿದ್ದವನು ನಾನೊಬ್ಬನೇ ಎಂಬುದೇ ಅದಕ್ಕೆ ಕಾರಣ. ನಾನು ಮಾಡಿದ ಮೊದಲ ಕೆಲಸ ಅದನ್ನು ಹುಣಿಸೆಹಣ್ಣಿನಲ್ಲಿ ತಿಕ್ಕಿ ತೊಳೆದದ್ದು. ಅರಿಶಿನ ಹೋಯಿತು, ಕುಂಕುಮ ಹೋಯಿತು, ಐವತ್ತು ವರ್ಷಗಳ ಹಬ್ಬಗಳು ನೀರಿನಲ್ಲಿ ಹರಿದು ಹೋದವು. ಒಳಗಿನಿಂದ ಬೆಳ್ಳಗೆ ಹೊಳೆಯುವ ಐದನೆಯ ಜಾರ್ಜ್ ಹೊರಬಂದನು. ನಾಣ್ಯವನ್ನು ತಿಕ್ಕಿ ತೊಳೆಯಬಾರದೆಂಬ ಸಂಗ್ರಾಹಕರ ಮೊದಲ ಪಾಠವೂ ನನಗೆ ಆಗ ತಿಳಿದಿರಲಿಲ್ಲ. ಪಟ್ಟಿಯನ್ನು ತೆಗೆದು ನೋಡಿದೆ. 1918, ಸಾಮಾನ್ಯ, ಎಲ್ಲೆಡೆಯೂ ಸಿಗುವಂಥದು. ಇಂತಹವು ನನ್ನ ಬಳಿ ಆಗಲೇ ಹನ್ನೊಂದಿದ್ದವು. ಇದು ಹನ್ನೆರಡನೆಯದಾಯಿತು.

ಅದೇ ದಿನಗಳಲ್ಲಿ ನನಗೊಂದು 1911ರ ರೂಪಾಯಿಯ ಮೇಲೆ ಕಣ್ಣು ಬಿದ್ದಿತ್ತು. ಅದರ ಕಥೆ ಸ್ವಾರಸ್ಯವಾದುದು. ಐದನೆಯ ಜಾರ್ಜ್ ಪಟ್ಟಕ್ಕೆ ಬಂದಾಗ ಹೊರಬಂದ ಈ ಮೊದಲ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಪದಕದಲ್ಲಿ ಪುಟ್ಟ ಆನೆಯೊಂದನ್ನು ಕೆತ್ತಿದ್ದರು. ಸೊಂಡಿಲು ಸರಿಯಾಗಿ ಮೂಡದೆ ಅದು ಹಂದಿಯಂತೆ ಕಾಣುತ್ತದೆಂದು ಜನ ಆಡಿಕೊಂಡರು. ಹಿಂದೂ ಮುಸಲ್ಮಾನರಿಬ್ಬರಿಗೂ ನೋವಾಗುವಂತಾಯಿತು. ಅಚ್ಚಾದ ಸುಮಾರು 94 ಲಕ್ಷ ರೂಪಾಯಿಗಳಲ್ಲಿ ಹೊರಬಿದ್ದವು ಸುಮಾರು 7 ಲಕ್ಷ ಮಾತ್ರ. ಉಳಿದವನ್ನು ಕರಗಿಸಿ, 1912ರಿಂದ ಆನೆಯನ್ನು ತಿದ್ದಿ ಅಚ್ಚುಹಾಕಿದರು. ಇಂತಹ ಒಂದು ರೂಪಾಯಿ ಬೆಂಗಳೂರಿನ ವ್ಯಾಪಾರಿಯೊಬ್ಬನ ಬಳಿ ಇತ್ತು. ನನ್ನ ಹನ್ನೆರಡು ಸಾಮಾನ್ಯ ರೂಪಾಯಿಗಳಿಗೆ ಅದನ್ನು ಕೊಡಲು ಅವನು ಒಪ್ಪಿದ. ವ್ಯವಹಾರ ನ್ಯಾಯವಾದುದೇ. ಅವನು ಮೋಸ ಮಾಡಲಿಲ್ಲ. ಹನ್ನೆರಡನ್ನೂ ಮೇಜಿನ ಮೇಲೆ ಉರುಳಿಸಿ ನಾದ ಕೇಳಿದ, ಎಣಿಸಿದ, ಡಬ್ಬಿಗೆ ಹಾಕಿದ. ನಾನು ಗೆದ್ದವನಂತೆ ರೈಲು ಹತ್ತಿದೆ.

ಊರಿಗೆ ಬಂದು ತಂದೆಯವರಿಗೆ ಹೊಸ ನಾಣ್ಯವನ್ನು ತೋರಿಸಿದೆ. ಅವರು ಆನೆಯನ್ನು ನೋಡಿ ನಕ್ಕರು. ಆಮೇಲೆ, "ಅಪ್ಪನ ರೂಪಾಯಿ ಎಲ್ಲಿ?" ಎಂದು ಕೇಳಿದರು. ನಾನು ಹೇಳಿದೆ. ಅವರು ಬೈಯಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಅವತ್ತು ಅದನ್ನು ಖರ್ಚು ಮಾಡೋದಕ್ಕೆ ಅವರಿಗೆ ಕೈ ಬರಲಿಲ್ಲ" ಎಂದಷ್ಟೇ ಹೇಳಿ ಎದ್ದುಹೋದರು.

ಮಾರನೆಯ ವಾರವೇ ಬೆಂಗಳೂರಿಗೆ ಓಡಿದೆ. ಡಬ್ಬಿಯಲ್ಲಿ 1918ರ ರೂಪಾಯಿಗಳು ಹಲವಾರು ಇದ್ದವು. ವ್ಯಾಪಾರಿ ಒಳ್ಳೆಯವನು, ಎಲ್ಲವನ್ನೂ ನನ್ನ ಮುಂದೆ ಸುರಿದ. ಒಂದೊಂದನ್ನೇ ಎತ್ತಿ ನೋಡಿದೆ. ಎಲ್ಲವೂ ಬೆಳ್ಳಗಿದ್ದವು, ಎಲ್ಲವೂ ಒಂದೇ ಆಗಿದ್ದವು. ಯಾವುದರ ಮೇಲೂ ಅರಿಶಿನವಿರಲಿಲ್ಲ. ಇದ್ದ ಒಂದೇ ಗುರುತನ್ನು ನನ್ನ ಕೈಯಾರೆ ನಾನೇ ತೊಳೆದಿದ್ದೆ. ಅಂದು ನನಗೆ ಹೊಳೆದ ಸತ್ಯವಿಷ್ಟು: ನಾನು ಮಾರಿದ್ದು ಆ ನಾಣ್ಯವನ್ನು ವ್ಯಾಪಾರಿಯ ಡಬ್ಬಿಗೆ ಹಾಕಿದ ದಿನವಲ್ಲ, ಹುಣಿಸೆಹಣ್ಣಿನಲ್ಲಿ ತಿಕ್ಕಿದ ದಿನ. ಹಂದಿಯಂತಹ ಆನೆಯ ರೂಪಾಯಿ ಇಂದು ಸಾವಿರಾರು ಜನರ ಬಳಿ ಇದೆ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಿಂದ ಖರ್ಚಾಗದೆ ಮರಳಿ ಬಂದಿತೆಂದು ಒಂದು ಮನೆ ಹೆಸರಿಟ್ಟು ಕಾಯ್ದ ರೂಪಾಯಿ, ನನಗೆ ತಿಳಿದಂತೆ, ಒಂದೇ ಇತ್ತು. ಯಾವ ಪಟ್ಟಿಯಲ್ಲೂ ಅದು ಅಪರೂಪವೆಂದು ಬರೆದಿರಲಿಲ್ಲ. ಅದನ್ನು ಬರೆಯಬೇಕಾಗಿದ್ದವನು ನಾನು.

ಒಂದು ನಾಣ್ಯದಿಂದ ಚರಿತ್ರೆಗೆ ಏನು ಸಿಗುತ್ತಿತ್ತು ಎಂದು ಯಾರಾದರೂ ಕೇಳಬಹುದು. ಹೆಚ್ಚೇನೂ ಸಿಗುತ್ತಿರಲಿಲ್ಲ. ಗುಂಡು ಹಾರಿಸಲು ಆಜ್ಞೆ ಹೇಗೆ ಬಂತು, ಎಷ್ಟು ಜನ ಸತ್ತರು ಎಂಬುದನ್ನು ಅದು ಹೇಳುತ್ತಿರಲಿಲ್ಲ. ಆದರೆ ಅಂದು ಅಲ್ಲಿ ಸೇರಿದ್ದವರು ಎಂಥವರು ಎಂಬುದನ್ನು ಹೇಳುತ್ತಿತ್ತು. ಹಗ್ಗ, ಬೆಲ್ಲ ತರಲು ಒಂದು ರೂಪಾಯಿ ಕಟ್ಟಿಕೊಂಡು, ಸಂಜೆಗೆ ಮನೆ ಸೇರುವ ಭರವಸೆಯಲ್ಲಿ ಹೊರಟಿದ್ದವರು. ಲೆಕ್ಕದ ಕಾಗದಗಳಲ್ಲಿ ಜನ ಸಂಖ್ಯೆಯಾಗುತ್ತಾರೆ. ಇಂತಹ ಸಣ್ಣ ವಸ್ತುಗಳ ಬಳಿ ಅವರು ಮತ್ತೆ ಮನುಷ್ಯರಾಗುತ್ತಾರೆ.

ಈಗ ವಿದುರಾಶ್ವತ್ಥದಲ್ಲಿ ವೀರಸೌಧವಿದೆ. ಮಡಿದವರ ನೆನಪನ್ನು ಅಲ್ಲಿ ಕಾಪಾಡಿದ್ದಾರೆ. ಹೋದಾಗಲೆಲ್ಲ ನಾನು ಅದನ್ನು ನೋಡಿ, ಆಮೇಲೆ ನಾಗರಕಲ್ಲುಗಳ ನಡುವೆ ಸ್ವಲ್ಪ ಹೊತ್ತು ನಡೆಯುತ್ತೇನೆ. ನಿಲ್ಲಿಸಿದವರ ಹೆಸರು ಅಳಿದ ಕಲ್ಲುಗಳಿಗೂ ಡಬ್ಬಿಯಲ್ಲಿದ್ದ ಆ ಬೆಳ್ಳನೆಯ ರೂಪಾಯಿಗಳಿಗೂ ಹೋಲಿಕೆ ಕಾಣುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ಕಲ್ಲನ್ನು ನಿಲ್ಲಿಸಿದವರು ಅದನ್ನು ದೇವರಿಗೆ ಬಿಟ್ಟುಹೋದರು. ಅವರಿಗೆ ಹೆಸರು ಬೇಕಿರಲಿಲ್ಲ. ಅಜ್ಜಿ ರೂಪಾಯಿಯನ್ನು ಬಿಟ್ಟುಹೋದದ್ದು ನಮಗೆ.

ಆದುದರಿಂದ ತಮ್ಮಲ್ಲಿ ನಾಣ್ಯ ಕೂಡಿಡುವವರಿಗೆ ನನ್ನ ವಿನಂತಿ ಇಷ್ಟೆ. ಮಾರಬೇಡಿರೆಂದು ನಾನು ಹೇಳಲಾರೆ. ಮದುವೆ, ಮನೆ, ಕಾಯಿಲೆ, ಕಷ್ಟ ಎಲ್ಲರಿಗೂ ಬರುತ್ತವೆ. ಹಣವಿರುವುದು ಕೈ ದಾಟುವುದಕ್ಕೇ. ಆದರೆ ಕೈ ದಾಟಿಸುವ ಮುನ್ನ ಒಂದು ಚೀಟಿ ಬರೆಯಿರಿ. ಇದು ಯಾರ ಗಂಟಿನಲ್ಲಿತ್ತು, ಯಾವ ಹೊಲದಲ್ಲಿ ಸಿಕ್ಕಿತು, ಜೊತೆಯಲ್ಲಿ ಏನಿತ್ತು, ಯಾವಾಗ ಯಾರು ಕೊಟ್ಟರು ಎಂದು ನಾಲ್ಕು ಸಾಲು. ಮನೆಯಲ್ಲಿ ಹಿರಿಯರಿದ್ದರೆ ಇಂದೇ ಕೇಳಿ ಬರೆಯಿರಿ. ಮೇಲೆ ಮೆತ್ತಿದ ಅರಿಶಿನವನ್ನು ತೊಳೆಯಬೇಡಿರಿ. ನಾಣ್ಯ ಹೋದರೂ ಚೀಟಿಯ ನಕಲು ತಮ್ಮಲ್ಲಿ ಉಳಿದೀತು. ಚೀಟಿಯೊಡನೆ ಹೋದ ನಾಣ್ಯ ಎಲ್ಲಿ ಹೋದರೂ ತನ್ನ ಊರನ್ನು ಮರೆಯಲಾರದು.

1911ರ ರೂಪಾಯಿ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಅದರ ಪಕ್ಕದ ಗೂಡಿನಲ್ಲಿ ನಾಣ್ಯವಿಲ್ಲ. ಅರಿಶಿನ ಬಣ್ಣ ಮಾಸದ ಒಂದು ಬಟ್ಟೆಯ ಚೂರಿದೆ, ಅದರೊಳಗೆ ನಾನು ತಡವಾಗಿ ಬರೆದ ಒಂದು ಚೀಟಿ. ಬಂದವರು ಇದೇನೆಂದು ಕೇಳುತ್ತಾರೆ. ಈಗ ನಾನು ಲೋಟದ ತಳವನ್ನು ನೋಡುತ್ತ ಕೂರುವುದಿಲ್ಲ; ಚೀಟಿಯನ್ನು ತೆಗೆದು ಓದಲು ಕೊಡುತ್ತೇನೆ.